ಕುರ್ಚಿಯ ಎತ್ತರದಿಂದ ಮರ ಕಾಣುವುದಿಲ್ಲ

ಮೊನ್ನೆ ಶನಿವಾರ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಿಂದ ನಮ್ಮ ಹಳೆಯ ಕನ್ನಡ ಬಳಗದ ಸಂಚಾಲಕರು ಫೋನ್ ಮಾಡಿದ್ದರು. ಬಳಗದ ಪತ್ರಿಕೆಯ ನವೆಂಬರ್ ಸಂಚಿಕೆಗೆ ಅಕ್ಕನ ಬಗ್ಗೆ ನಾನು ಎರಡು ಪುಟ ಬರೆದುಕೊಡಬೇಕಂತೆ. "ನಿಮ್ಮಷ್ಟು ಹತ್ತಿರದಿಂದ ಅವರನ್ನ ನೋಡಿದೋರು ಯಾರಿದ್ದಾರೆ ಹೇಳಿ? ಸ್ವಲ್ಪ ಇನ್‌ಸ್ಪೈರಿಂಗ್ ಆಗಿರ್ಲಿ ಮೇಡಂ. ನಮ್ಮ ಮಕ್ಕಳು ಓದ್ಬೇಕು" ಎಂದರು. ನಮ್ಮ ಮಕ್ಕಳು ಕನ್ನಡ ಓದುವುದಿಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಆಮೇಲೆ ಅವರೇ ಸೇರಿಸಿದರು: "ವೀಲ್‌ಚೇರ್ ಫೋಟೋ ಒಂದನ್ನ ಫುಲ್ ಪೇಜ್ ಹಾಕೋಣ."

ಬರೆಯುವುದಿಲ್ಲ ಎಂದು ಹೇಳಿ ಫೋನ್ ಇಟ್ಟೆ. ಅನ್ನಕ್ಕೆ ಅಕ್ಕಿ ತೊಳೆಯಲು ನಿಂತವಳು ನೀರಿನ ಜೊತೆ ಅರ್ಧ ಅಕ್ಕಿಯನ್ನೂ ಸಿಂಕಿಗೆ ಚೆಲ್ಲಿದೆ. ಇಂಥ ಸಿಟ್ಟು ನನಗೆ ಮೊದಲು ಬರುತ್ತಿರಲಿಲ್ಲ. ಅಕ್ಕನ ಸಹವಾಸದಲ್ಲಿ ಕಲಿತದ್ದು ಇದೊಂದೇ. ಫೋಟೋ ತೆಗೆಯುವುದನ್ನಂತೂ ಕಲಿಯಲಿಲ್ಲ.

ಆದ್ದರಿಂದ ಅವರಿಗಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಅಕ್ಕನ ಹೆಸರು ಬರೆಯುವುದಿಲ್ಲ. ಹೆಸರು ಹಾಕಿದರೆ ಬೇಕಾದ ನಾಲ್ಕು ಸಾಲು ಕತ್ತರಿಸಿ, ಕೆಳಗೆ ಕೈಮುಗಿದ ಚಿತ್ರ ಅಂಟಿಸಿ ವಾಟ್ಸಪ್ಪಿನಲ್ಲಿ ಗುಂಪಿನಿಂದ ಗುಂಪಿಗೆ ಹಂಚುತ್ತಾರೆ. ಇದನ್ನು ಓದಿ ಯಾರಿಗೂ ಸ್ಫೂರ್ತಿ ಬರಬೇಕಾಗಿಲ್ಲ.

ಅಕ್ಕನನ್ನು ನಾನು ಮೊದಲು ಕಂಡದ್ದು ಸ್ಟಾಫರ್ಡಿನ ಒಂದು ದಿನಸಿ ಅಂಗಡಿಯ ಹಿಂದೆ, ನೆಲದ ಮೇಲೆ. ನಾನು ಆಗ ಮೈಸೂರಿನಿಂದ ಬಂದು ಎರಡು ವರ್ಷವಾಗಿತ್ತು. ಡಿಸೆಂಬರ್ ಮೊದಲ ವಾರ, ಬೆಳಗಿನ ಹೊತ್ತು. ಅಂಗಡಿಯ ಮುಂದೆ ಪಾರ್ಕಿಂಗ್ ಸಿಗದೆ ಹಿಂದಕ್ಕೆ ಹೋದೆ. ಕಸದ ಡಬ್ಬಗಳ ಪಕ್ಕ, ಬೇಲಿಯ ಬದಿಯಲ್ಲಿ ಚೂಡಿದಾರ ಹಾಕಿದ ಹೆಂಗಸೊಬ್ಬರು ಡಾಂಬರಿನ ಮೇಲೆ ಅಂಗಾತ ಬಿದ್ದಿದ್ದರು. ಕಾರಿನ ಬಾಗಿಲೂ ಹಾಕದೆ ಓಡಿದೆ. "ಆಂಟೀ, ಆಂಟೀ, ಏನಾಯ್ತು?" ಎಂದು ಬಗ್ಗಿದೆ.

"ಏನೂ ಆಗಿಲ್ಲ. ಸರೀರಿ, ಸರೀರಿ. ಬೆಳಕಿಗೆ ಅಡ್ಡ ನಿಂತೀರಿ" ಎಂಬ ಸಿಟ್ಟಿನ ಉತ್ತರ ಬಂತು.

ಆಗಲೇ ನನಗೆ ಅವರ ಎದೆಯ ಮೇಲಿದ್ದ ಕ್ಯಾಮೆರಾ ಕಂಡದ್ದು. ಅದು ನೇರ ಆಕಾಶಕ್ಕೆ ಮುಖ ಮಾಡಿತ್ತು. ಮೇಲೆ ನೋಡಿದೆ. ಬೇಲಿಯಾಚೆಯ ಮರವೊಂದು ಈಚೆಗೆ ಬಾಗಿತ್ತು. ಅದರ ಎಲೆಗಳು ಕೆಲವು ಕೆಂಪು, ಕೆಲವು ಹಳದಿ, ಕೆಲವು ನೇರಳೆ. ಎಲ್ಲವೂ ಬಿಸಿಲನ್ನು ಒಳಗೆ ಬಿಟ್ಟುಕೊಂಡು ಉರಿಯುತ್ತಿದ್ದವು. ಎರಡು ವರ್ಷದಿಂದ ವಾರವಾರವೂ ಅದೇ ಅಂಗಡಿಗೆ ಬರುತ್ತಿದ್ದೆ. ಆ ಮರ ಅಲ್ಲಿದೆಯೆಂದೇ ನನಗೆ ಗೊತ್ತಿರಲಿಲ್ಲ.

"ಇದು ಟ್ಯಾಲೋ ಗಿಡ," ಎಂದರು, ಇನ್ನೂ ಮಲಗಿಕೊಂಡೇ. ಧಾರವಾಡದವರು; ಅವರಿಗೆ ಎಷ್ಟು ದೊಡ್ಡ ಮರವಾದರೂ ಗಿಡವೇ. "ಹ್ಯೂಸ್ಟನ್ನಿನ ಮಂದಿ ಇದಕ್ಕ ಕಳೆ ಅಂತಾರ, ಕಂಡಲ್ಲಿ ಕಡದು ಒಗೀತಾರ. ಆಮ್ಯಾಲ ನಮ್ಮಲ್ಲಿ ಎಲಿ ಬಣ್ಣ ತಿರಗೂದಿಲ್ಲ, ಫಾಲ್ ಕಲರ್ ಇಲ್ಲ ಅಂತ ಅಳ್ತಾರ. ಇಲ್ಲಿ ಮಲಕೊಂಡು ನೋಡ್ರಿ ಒಮ್ಮೆ."

ನಾನು ಮಲಗಲಿಲ್ಲ. ಹೊಸ ಜೀನ್ಸ್ ಹಾಕಿದ್ದೆ, ನೆಲ ಗಲೀಜಾಗಿತ್ತು. ಅದನ್ನು ಅವರು ನೋಡಿದರು. ಎದ್ದು ಬೆನ್ನಿನ ಕಸ ಕೊಡವಿಕೊಂಡು ಮನೆ ಎಲ್ಲಿ ಎಂದು ಕೇಳಿದರು. ಶುಗರ್ ಲ್ಯಾಂಡಿನಲ್ಲಿ ನಮ್ಮ ಬೀದಿಯಲ್ಲೇ ಮೂರು ಮನೆಯಾಚೆ ಇದ್ದರು. "ಆಂಟಿ ಅನಬ್ಯಾಡ. ಅಕ್ಕ ಅನ್ನು" ಎಂದು ಆ ದಿನವೇ ಏಕವಚನಕ್ಕೆ ಇಳಿದರು. ನಾನು ಅವರನ್ನು ಅಕ್ಕ ಎಂದೆ. ಅವರ ಯಜಮಾನರನ್ನು ಮಾತ್ರ ಅಭ್ಯಾಸಬಲದಿಂದ ಕೊನೆಯವರೆಗೂ ಅಂಕಲ್ ಎಂದೇ ಕರೆದೆ. ಹೆಂಡತಿ ಅಕ್ಕ, ಗಂಡ ಅಂಕಲ್. ಅಂಕಲ್ ಇದಕ್ಕೆ ಪ್ರತಿ ಸಲವೂ ನಗುತ್ತಿದ್ದರು. ಅವರು ತೈಲ ಕಂಪನಿಯೊಂದರಲ್ಲಿ ಪೈಪುಗಳ ವಿನ್ಯಾಸ ಮಾಡುವ ಎಂಜಿನಿಯರ್. ಹತ್ತು ಮಾತಿಗೆ ಒಂದು ಮಾತು.

ಅಕ್ಕ ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದರು. ಇಪ್ಪತ್ತು ವರ್ಷ ಮಂದಿಯ ಮೂಳೆ ನೋಡಿದವರು. ಅವರ ಫೋಟೋಗಳ ಗುಟ್ಟೂ ಅದೇ ಎಂದು ನನಗೆ ಅನ್ನಿಸುತ್ತಿತ್ತು. ಎಲ್ಲರೂ ಮರದ ಮುಂದೆ ನಿಂತು, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಫೋಟೋ ತೆಗೆದರೆ, ಇವರು ಮರದ ಬುಡಕ್ಕೆ ಹೋಗಿ ಮಲಗಿ, ಬೆಳಕು ಎಲೆಯನ್ನು ಹಾಯ್ದು ಬರುವಾಗ ತೆಗೆಯುತ್ತಿದ್ದರು. "ಮುಂದ ನಿಂತ್ರ ಎಲಿ ತೊಗಲು ಕಾಣ್ತದ. ಕೆಳಗ ಮಲಗಿದ್ರ ಎಲುಬು ಕಾಣ್ತದ," ಎನ್ನುತ್ತಿದ್ದರು. ನಿಜವಾಗಿಯೂ ಕಾಣುತ್ತಿತ್ತು. ಒಂದೊಂದು ಎಲೆಯ ನರ, ಹುಳು ತಿಂದ ತೂತು, ಒಂದರ ಮೇಲೊಂದು ಬಿದ್ದ ನೆರಳು, ನಡುವೆ ಕಪ್ಪಗೆ ಮೇಲೇರಿದ ಕೊಂಬೆಗಳು. ಆ ಚಿತ್ರದಲ್ಲಿ ನೆಲ ಇರುತ್ತಿರಲಿಲ್ಲ, ಮನೆ ಇರುತ್ತಿರಲಿಲ್ಲ, ಕಾರು ಇರುತ್ತಿರಲಿಲ್ಲ. ಟೆಕ್ಸಸ್ಸಿನಲ್ಲಿ ಕಾರಿಲ್ಲದ ಚಿತ್ರ ತೆಗೆಯುವುದು ಸಣ್ಣ ಕೆಲಸವಲ್ಲ.

ಸಿಟ್ಟು ಅವರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಳಗದ ಊಟದಲ್ಲಿ ಹೊಸಬರೊಬ್ಬರು "ಮಕ್ಕಳೆಷ್ಟು ಆಂಟಿ?" ಎಂದು ಕೇಳಿ, ಇಲ್ಲವೆಂದಾಗ ಮುಖ ಸಣ್ಣದು ಮಾಡಿಕೊಂಡು "ಅಯ್ಯೋ, ಯಾಕೆ?" ಎಂದರು. ಅಕ್ಕ ಪಲ್ಯ ಬಡಿಸಿಕೊಳ್ಳುತ್ತಲೇ, "ನಿಮ್ಮನಿ ಫ್ರಿಜ್ಜು ಎಷ್ಟು ಲೀಟರಿಂದು?" ಎಂದರು. ಆಕೆಗೆ ಅರ್ಥವಾಗಲಿಲ್ಲ. "ನಾನೂ ಸಂಬಂಧ ಇಲ್ಲದ್ದು ಒಂದು ಕೇಳಿದೆ," ಎಂದು ಮುಂದಕ್ಕೆ ಹೋದರು.

ನವೆಂಬರ್ ಬಂದರೆ ನಮ್ಮವರೆಲ್ಲ ಎಲ್ಲಿಯೋ ಒಂದು ಕೆಂಪು ಮರ ಹುಡುಕಿಕೊಂಡು, ಮನೆಮಂದಿಯೆಲ್ಲ ಒಂದೇ ಬಣ್ಣದ ಬಟ್ಟೆ ಹಾಕಿಕೊಂಡು ಅದರ ಮುಂದೆ ಸಾಲಾಗಿ ನಿಲ್ಲುತ್ತಾರೆ. ಅಕ್ಕನ ಬಳಿ ಒಳ್ಳೆಯ ಕ್ಯಾಮೆರಾ ಇದೆಯೆಂದು ಗೊತ್ತಾದ ಮೇಲೆ ಎಲ್ಲರೂ ಕರೆಯತೊಡಗಿದರು. ಒಂದೇ ಒಂದು ಸಲ ಹೋದರು. ಆ ಮನೆಯವರು ಗಂಟೆಗಟ್ಟಲೆ ನಿಂತು, ಕೂತು, ಮಗುವಿನ ಮೇಲೆ ಎಲೆ ಎರಚಿ ಫೋಟೋ ತೆಗೆಸಿಕೊಂಡರು. ಕೊನೆಗೆ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಇದು ಯಾವ ಗಿಡ ಹೇಳ್ರಿ?" ನಾಲ್ವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆಮೇಲೆ ಯಾರು ಕರೆದರೂ ಹೋಗಲಿಲ್ಲ. ಜಂಬದವರು ಎಂಬ ಹೆಸರು ಬಂತು. ಆ ಹೆಸರನ್ನು ಸಂತೋಷದಿಂದಲೇ ಇಟ್ಟುಕೊಂಡರು.

ಒಂದು ವರ್ಷ ನನ್ನನ್ನು ಆಸ್ಟಿನ್ನಿಗೆ ಕರೆದುಕೊಂಡು ಹೋದರು. ಅಲ್ಲಿ ನದಿಯ ದಡದುದ್ದಕ್ಕೂ ಸೈಪ್ರೆಸ್ ಮರಗಳು ತುಕ್ಕಿನ ಬಣ್ಣಕ್ಕೆ ತಿರುಗುತ್ತವೆ. ಡ್ರೈವ್ ಮಾಡಿದ್ದು ಅವರೇ. ದಾರಿಯುದ್ದಕ್ಕೂ ಬಂಗಾರದ ಬಣ್ಣದ ಹುಲ್ಲನ್ನೂ, ಅಡ್ಡ ಬಂದ ಲಾರಿಗಳನ್ನೂ ಒಂದೇ ಉಸಿರಿನಲ್ಲಿ ಹೊಗಳಿ ಬೈದು ಹೋದರು. ನದಿಗೆ ಬಂದ ಮೇಲೆ ಮೊಣಕಾಲುದ್ದ ನೀರಿಗೆ ಇಳಿದು, ಒಂದು ಚಪ್ಪಟೆ ಬಂಡೆಯ ಮೇಲೆ ಬೆನ್ನು ಚಾಚಿ ಮಲಗಿದರು. ಬಂಡೆಯ ಮೇಲೂ ನೀರು ಹರಿಯುತ್ತಿತ್ತು, ಐಸಿನ ಹಾಗೆ ತಣ್ಣಗೆ. ಎರಡು ಗಂಟೆ ಅಲ್ಲಾಡಲಿಲ್ಲ. ನಾನು ದಡದಲ್ಲಿ ಕೂತು ಚುರುಮುರಿ ತಿಂದೆ, ನನ್ನ ಫೋನಿನಲ್ಲಿ ಮನಸ್ಸಿಗೆ ಬಂದ ಹಾಗೆ ನಾಲ್ಕು ಫೋಟೋ ತೆಗೆದೆ. ಹೊರಗೆ ಬಂದಾಗ ಅವರ ತುಟಿ ನೀಲಿಯಾಗಿತ್ತು. "ಸಿಕ್ತಾ ಅಕ್ಕ?" ಎಂದೆ. "ಒಂದು ಸಿಕ್ತು," ಎಂದರು. ಅವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ.

ಇದೆಲ್ಲ ಅವರು ನಡೆಯುತ್ತಿದ್ದಾಗಿನ ಮಾತು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಓದುವವರು ನೆನಪಿಟ್ಟುಕೊಳ್ಳಬೇಕು.

ಅದಾದ ಎರಡನೆಯ ವರ್ಷ ಅವರ ಬೆನ್ನುಹುರಿಯಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಸ್ಕ್ಯಾನಿನ ಮೊದಲ ಚಿತ್ರ ನೋಡಿ ಡಾಕ್ಟರಿಗಿಂತ ಮೊದಲು ಅವರಿಗೇ ಗೊತ್ತಾಯಿತಂತೆ. ಆಪರೇಷನ್ ಆಯಿತು. ಜೀವ ಉಳಿಯಿತು, ಕಾಲು ಬರಲಿಲ್ಲ. ಆರು ತಿಂಗಳ ನಂತರ ಗಾಲಿಕುರ್ಚಿಯಲ್ಲಿ ಮನೆಗೆ ಬಂದರು.

ಆ ಮೊದಲ ಶರತ್ಕಾಲದಲ್ಲಿ ಅವರು ಕ್ಯಾಮೆರಾ ಹಿಡಿದು ಬೀದಿಯಲ್ಲಿ ಕುರ್ಚಿ ತಳ್ಳಿಕೊಂಡು ಹೋಗುವುದನ್ನು ನಾನು ನೋಡಿದೆ. ಅರ್ಧ ಗಂಟೆಗೇ ತಿರುಗಿ ಬಂದರು. ಕಾಫಿ ತೆಗೆದುಕೊಂಡು ಹೋದೆ. ಕ್ಯಾಮೆರಾ ಮೇಜಿನ ಮೇಲಿತ್ತು. ಮುಖ ಕೆಂಪಾಗಿತ್ತು.

"ನಿಂತಾಗ ಒಂದು ಥರಾ ಕಾಣ್ತಿತ್ತು, ಮಲಗಿದಾಗ ಒಂದು ಥರಾ. ಈ ಕುರ್ಚಿ ಎರಡೂ ಅಲ್ಲ. ಇದರ ಎತ್ತರದಿಂದ ಗಿಡ ಕಾಣೂದಿಲ್ಲ. ಬರೇ ಬೊಡ್ಡಿ ಕಾಣ್ತದ. ಕಾರಿನ ಬಾಗಲಾ ಕಾಣ್ತಾವ. ಮಂದಿ ಹೊಟ್ಟಿ ಕಾಣ್ತಾವ."

"ಅಲ್ಲಿಂದಲೇ ಮೇಲಕ್ಕೆ ನೋಡಿದ್ರೆ?"

"ಕುತ್ತಿಗಿ ಎಷ್ಟು ಹಿಂದಕ್ಕ ಬಗ್ಗತದ? ನೀ ಬಗ್ಗಿಸಿ ನೋಡು."

ಬಗ್ಗಿಸಿ ನೋಡಿದೆ. ಎದುರಿನ ಮನೆಯ ಚಾವಣಿ ಕಂಡಿತು.

ಅವರನ್ನು ಕುರ್ಚಿಯಿಂದ ನೆಲಕ್ಕೆ ಇಳಿಸಬೇಕು, ಇಷ್ಟೇ ಅವರ ಬೇಡಿಕೆ. ಅಂಕಲ್ ಹೆದರುತ್ತಿದ್ದರು. ಇಳಿಸುವುದು ಸುಲಭ, ಎತ್ತುವಾಗ ಬೆನ್ನಿಗೆ ಪೆಟ್ಟಾದರೆ? ಕೊನೆಗೆ ದಪ್ಪನೆಯ ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಮಲಗಿಸಿ, ನಾನೂ ಅಂಕಲ್ಲೂ ನನ್ನ ಯಜಮಾನರೂ ಹಿಡಿದು ಎತ್ತುವುದನ್ನು ಅವರ ಮನೆಯ ಹಾಲಿನಲ್ಲೇ ಅಭ್ಯಾಸ ಮಾಡಿದೆವು. ಆ ವರ್ಷ ಮೂರು ಸಲ ಇಳಿಸಿದೆವು. ಮೂರು ಫೋಟೋ ಸಿಕ್ಕವು. ಬೇರೆ ದಿನಗಳಲ್ಲಿ ನಮಗೆಲ್ಲ ಕೆಲಸವಿತ್ತು, ನನ್ನ ಮಗಳ ಈಜಿನ ಕ್ಲಾಸಿತ್ತು, ಮೀಟಿಂಗಿತ್ತು. ಎಲೆಗಳು ಎರಡು ವಾರದಲ್ಲಿ ಉದುರಿದವು.

ಮುಂದಿನ ನವೆಂಬರಿನಲ್ಲಿ ನಮ್ಮ ಬಳಗದ ರಾಜ್ಯೋತ್ಸವ. ನಲವತ್ತು ಮನೆಯವರು ಸೇರಿ ಕಟ್ಟಿಕೊಂಡ ಬಳಗ ಅದು. ಈ ಸಲ ಅಕ್ಕನ ಫೋಟೋ ಪ್ರದರ್ಶನ ಇಡೋಣ ಎಂದು ಸಂಚಾಲಕರು ಸೂಚಿಸಿದರು. ಅದಕ್ಕೆ ಮೊದಲು ಹದಿನೈದು ವರ್ಷ ಯಾರಿಗೂ ಹೊಳೆದಿರಲಿಲ್ಲ. ಅಕ್ಕ ಹನ್ನೆರಡು ಫೋಟೋ ಆರಿಸಿದರು. ತಮ್ಮ ಹೆಸರು ಬೇಡ, ಮರದ ಹೆಸರೂ ಊರೂ ಬರೆದರೆ ಸಾಕು ಎಂದರು. ಬರವಣಿಗೆಯ ಕೆಲಸ ನನ್ನದು. ನನ್ನ ಕನ್ನಡ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ.

ಸಂಚಾಲಕರು ಫೋನ್ ಮಾಡಿ, "ಬರೀ ಮರದ ಹೆಸರು ಹಾಕಿದ್ರೆ ಜನ ನಿಂತು ನೋಡಲ್ಲ ಮೇಡಂ. ಮೇಲೆ ಎರಡು ಸಾಲು ದೊಡ್ಡದಾಗಿ ಹಾಕಿ. ಅವರ ಹೋರಾಟದ ಬಗ್ಗೆ" ಎಂದರು. ನಾನು ಹತ್ತು ನಿಮಿಷದಲ್ಲಿ ಬರೆದುಕೊಟ್ಟೆ. 'ಕಾಲು ಸೋತರೂ ಕಣ್ಣು ಸೋಲಲಿಲ್ಲ. ಗಾಲಿಕುರ್ಚಿ ತೋರಿಸಿದ ಹೊಸ ಶರತ್ಕಾಲ.' ಚೆನ್ನಾಗಿ ಬಂದಿದೆ ಎಂದು ನನಗೇ ಅನ್ನಿಸಿತ್ತು. ಇದನ್ನು ಬರೆಯುವಾಗ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನ್ನಿಸುತ್ತದೆ. ಏಕೆಂದರೆ ಆ ಹನ್ನೆರಡರಲ್ಲಿ ಒಂಬತ್ತು ಫೋಟೋ ಅವರು ನಡೆಯುತ್ತಿದ್ದಾಗ ತೆಗೆದವು. ನನಗೆ ಅದು ಗೊತ್ತಿತ್ತು. ಆಸ್ಟಿನ್ನಿನ ಫೋಟೋ ತೆಗೆದಾಗ ನಾನೇ ದಡದಲ್ಲಿ ಚುರುಮುರಿ ತಿನ್ನುತ್ತಾ ಕೂತಿದ್ದೆ.

ರಾಜ್ಯೋತ್ಸವದ ದಿನ ಅಕ್ಕ ಬಂದರು. ಅಂಕಲ್ ಕುರ್ಚಿ ತಳ್ಳುತ್ತಿದ್ದರು. ಕೆಂಪು ಹಳದಿ ಬಟ್ಟೆಯ ಮೇಲೆ ದೊಡ್ಡ ಅಕ್ಷರದಲ್ಲಿ ನನ್ನ ಎರಡು ಸಾಲು. ಅಕ್ಕ ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಆಗ ಸಂಚಾಲಕರು ಮುಂದೆ ಬಂದು, "ಎಷ್ಟು ಚೆನ್ನಾಗಿ ಬರ್ದಿದಾರೆ ಅಲ್ವಾ ಮೇಡಂ? ಇವರೇ ಬರ್ದಿದ್ದು" ಎಂದು ನನ್ನತ್ತ ಕೈ ತೋರಿಸಿದರು.

"ನೀ ಬರದಿ?" ಎಂದರು ಅಕ್ಕ.

ನಾನು ತಲೆಯಾಡಿಸಿದೆ.

"ಈ ಕುರ್ಚಿ ನನಗ ಏನ್ ತೋರಿಸ್ತು? ಹೇಳು. ಇದು ಏನೂ ತೋರಿಸಿಲ್ಲ, ಇದ್ದದ್ದನ್ನ ಕಸಗೊಂಡದ. ಇಪ್ಪತ್ತು ವರ್ಷ ನಾನು ನೆಲಕ್ಕ ಬಿದ್ದು ಹೊರಳಾಡಿ ಕಲ್ತದ್ದನ್ನ ತೊಗೊಂಡು ಈ ಗಾಲಿಗೆ ಕೊಟ್ಟಿಯಲ್ಲ, ಯಾರೋ ಗೊತ್ತಿಲ್ಲದವರು ಬರದಿದ್ರ ಸುಮ್ನ ಇರ್ತಿದ್ದೆ. ನೀ ಬರದಿಯಲ್ಲ."

ಸಂಚಾಲಕರು ಅಂಕಲ್ ಕಡೆ ವಾಲಿ ಮೆಲ್ಲಗೆ, "ಮೇಡಂ ಸ್ವಲ್ಪ ಎಮೋಷನಲ್ ಆಗಿದ್ದಾರೆ" ಎಂದರು. ಅಕ್ಕನಿಗೆ ಕೇಳಿಸಿತು.

"ಎಮೋಷನಲ್ ಅಲ್ಲರಿ. ಸಿಟ್ಟು ಬಂದದ. ಎರಡಕ್ಕೂ ಫರಕ್ ಅದ." ಆಮೇಲೆ ಗಂಡನಿಗೆ, "ಫೋಟೋ ಇಳಸ್ರಿ" ಎಂದರು.

ಅಂಕಲ್ ಹನ್ನೆರಡನ್ನೂ ಒಂದೊಂದಾಗಿ ಇಳಿಸಿದರು. ಯಾರೂ ಸಹಾಯಕ್ಕೆ ಹೋಗಲಿಲ್ಲ, ನಾನೂ ಹೋಗಲಿಲ್ಲ. ಅವರು ಹೊರಟ ಮೇಲೆ ಖಾಲಿ ಗೋಡೆಯ ಮೇಲೆ ನನ್ನ ಸಾಲುಗಳು ಮಾತ್ರ ಉಳಿದವು. ಸ್ವಲ್ಪ ಹೊತ್ತಿಗೆ ಮಕ್ಕಳ ಡ್ಯಾನ್ಸ್ ಶುರುವಾಯಿತು. ಊಟಕ್ಕೆ ಬಿಸಿಬೇಳೆ ಭಾತು ಇತ್ತು. ಎಲ್ಲರೂ ತಿಂದರು.

ಒಂದು ವರ್ಷ ಅವರು ನನ್ನೊಡನೆ ಮಾತಾಡಲಿಲ್ಲ. ಬೀದಿಯಲ್ಲಿ ಕಂಡರೆ ಕುರ್ಚಿ ತಿರುಗಿಸಿಕೊಳ್ಳುತ್ತಿದ್ದರು. ನಾನು ಎರಡು ಸಲ ಬಾಗಿಲು ತಟ್ಟಿದೆ, ಅಂಕಲ್ ತೆರೆದು "ಇನ್ನೂ ಇಲ್ಲಮ್ಮ" ಎಂದು ಮುಚ್ಚಿದರು. ಆ ಬೇಸಿಗೆಯಲ್ಲಿ ನನ್ನ ಯಜಮಾನರಿಗೆ ಡಾಲಸ್ಸಿನ ಕಡೆ ಕೆಲಸವಾಗಿ ನಾವು ಪ್ಲೇನೋಗೆ ಶಿಫ್ಟ್ ಆದೆವು. ಹೊರಡುವ ದಿನ ಒಂದು ಕಾಗದ ಬರೆದು ಅವರ ಬಾಗಿಲಿನ ಸಂದಿಯಲ್ಲಿ ಇಟ್ಟೆ. ಒಂದೇ ವಾಕ್ಯ: 'ನಾನು ಬರೆದದ್ದು ಸುಳ್ಳು, ಸುಳ್ಳೆಂದು ಗೊತ್ತಿದ್ದೂ ಬರೆದೆ.'

ನವೆಂಬರಿನ ಕೊನೆಯಲ್ಲಿ ಅವರ ಫೋನು ಬಂತು. ಹೇಗಿದ್ದೀಯ ಎಂದು ಕೇಳಲಿಲ್ಲ. "ನಿಮ್ಮ ಕಡೆ ರೆಡ್ ಓಕ್ ಗಿಡ ಕೆಂಪಗ ತಿರುಗ್ಯಾವೇನು?"

"ತಿರುಗಿವೆ ಅಕ್ಕ. ನಮ್ಮ ಬೀದಿ ಪೂರ್ತಿ."

"ಶನಿವಾರ ಬರ್ತೀವಿ. ಬೆಡ್‌ಶೀಟ್ ತರ್ತೀನಿ."

ನಾಲ್ಕು ಗಂಟೆ ದಾರಿ ಕಾರಿನಲ್ಲಿ ಕೂತು ಬಂದರು. ಹಾಗೆ ಕೂರುವುದು ಅವರಿಗೆ ಎಂಥ ನೋವೆಂದು ಅಂಕಲ್ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಮ್ಮ ಮನೆಯ ಮುಂದೆ, ಕಾಲುದಾರಿಗೂ ರಸ್ತೆಗೂ ನಡುವಿನ ಹುಲ್ಲಿನ ಮೇಲೆ, ದೊಡ್ಡ ಕೆಂಪು ಓಕ್ ಕೆಳಗೆ ಅವರನ್ನು ಮಲಗಿಸಿದೆವು. ಈ ಸಲ ನಾನೂ ಪಕ್ಕದಲ್ಲಿ ಮಲಗಿದೆ. ಹುಲ್ಲು ಒದ್ದೆಯಾಗಿತ್ತು. ಮೇಲೆ ಕೆಂಪು, ಅದರ ಮೇಲೆ ಇನ್ನೂ ತೆಳುವಾದ ಕೆಂಪು, ಅದರಾಚೆ ನೀಲಿ. ಗಾಳಿ ಬಂದರೆ ಇಡೀ ಮರ ನಮ್ಮ ಮೇಲೆ ಇಳಿದ ಹಾಗೆ. ಇಷ್ಟು ವರ್ಷ ಅವರ ಫೋಟೋ ನೋಡಿ ಹೊಗಳಿದ್ದ ನಾನು, ಅವರು ನೋಡುತ್ತಿದ್ದದ್ದನ್ನು ಅವತ್ತೇ ಮೊದಲ ಸಲ ನೋಡಿದ್ದು.

"ಈಗ ಮಲಗಿದೀ ಹೌದಲ್ಲ," ಎಂದರು. ಅಷ್ಟೇ. ಕಾಗದದ ಮಾತು ಎತ್ತಲಿಲ್ಲ.

ಇಪ್ಪತ್ತು ನಿಮಿಷವಾಗಿರಲಿಲ್ಲ, ಪೊಲೀಸ್ ಕಾರು ಬಂತು. ರಸ್ತೆ ಬದಿಯಲ್ಲಿ ಖಾಲಿ ಗಾಲಿಕುರ್ಚಿ, ನೆಲದ ಮೇಲೆ ಇಬ್ಬರು ಹೆಂಗಸರು. ಎದುರು ಮನೆಯವರು ಕಿಟಕಿಯಿಂದ ನೋಡಿ ಫೋನ್ ಮಾಡಿದ್ದರು. ಹೊರಗೆ ಬಂದು ನಮ್ಮನ್ನೇ ಒಂದು ಮಾತು ಕೇಳಬಹುದಿತ್ತು. ಮೂವತ್ತು ಹೆಜ್ಜೆಯೂ ಇಲ್ಲ. ಎಳೆಯ ವಯಸ್ಸಿನ ಅಧಿಕಾರಿ, ಮೊಣಕಾಲೂರಿ ಅಕ್ಕನ ಪಕ್ಕ ಕೂತು, ಬಿದ್ದಿರಾ, ನೋವಾಗಿದೆಯಾ, ಈತ ನಿಮಗೆ ಏನಾದರೂ ಮಾಡಿದನಾ ಎಂದು ಅಂಕಲ್ ಕಡೆ ನೋಡಿ ಕೇಳಿದ. ಅಂಕಲ್ ಎರಡೂ ಕೈ ಎತ್ತಿ ನಿಂತುಬಿಟ್ಟಿದ್ದರು. ಅದನ್ನು ನೋಡಿ ಅಕ್ಕನ ಸಿಟ್ಟು ನೆತ್ತಿಗೇರಿತು.

"ನೀವು ನನ್ನ ಸೂರ್ಯನನ್ನು ಮುಚ್ಚುತ್ತಿದ್ದೀರಿ," ಎಂದರು ಇಂಗ್ಲಿಷಿನಲ್ಲಿ. "ಇನ್ನು ಹದಿನೈದು ನಿಮಿಷಕ್ಕೆ ಈ ಬೆಳಕು ಹೋಗುತ್ತದೆ. ಆಮೇಲೆ ಎಷ್ಟು ಬೇಕಾದರೂ ಪ್ರಶ್ನೆ ಕೇಳಿ."

ಪುಣ್ಯಕ್ಕೆ ಆತ ಸರಿದು ನಿಂತ. ಹದಿನೈದು ನಿಮಿಷವೂ ನಿಂತ. ಆಮೇಲೆ ಬೆಡ್‌ಶೀಟಿನ ಒಂದು ತುದಿ ಹಿಡಿದು ಎತ್ತಿಕೊಟ್ಟ. ಅಂಕಲ್ ಮಾತ್ರ ಒಳಗೆ ಬಂದವರೇ ಬೀದಿಯ ಕಡೆಯ ಪರದೆಗಳನ್ನೆಲ್ಲ ಎಳೆದು, ಸಂಜೆಯವರೆಗೂ ಹೊರಗೆ ಕಾಲಿಡಲಿಲ್ಲ. ಎದುರು ಮನೆಯವರು ಮಾರನೆಯ ದಿನ ನನಗೆ ಕೈ ಬೀಸಿ ನಕ್ಕರು. ನಾನು ನಗಲಿಲ್ಲ.

ಅದೇ ಕೊನೆಯ ಶರತ್ಕಾಲ. ಗೆಡ್ಡೆ ಮತ್ತೆ ಬಂತು. ಈ ಜೂನಿನಲ್ಲಿ ಅಕ್ಕ ಹೋದರು. ಮರಗಳೆಲ್ಲ ಹಸಿರಾಗಿದ್ದ ಕಾಲ, ಹೊರಗೆ ಸುಡು ಬಿಸಿಲು.

ಹದಿನೈದು ದಿನದ ನಂತರ ಬಳಗದವರು ಶುಗರ್ ಲ್ಯಾಂಡಿನಲ್ಲಿ ಒಂದು ಸಭೆ ಇಟ್ಟುಕೊಂಡಿದ್ದರು. ಪ್ಲೇನೋದಿಂದ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಹಾಲಿನ ದೀಪ ಆರಿಸಿ, ಕೊಳಲಿನ ಹಿನ್ನೆಲೆಯೊಡನೆ ಪರದೆಯ ಮೇಲೆ ಚಿತ್ರಗಳು ಶುರುವಾದವು. ಅಕ್ಕ ಗಾಲಿಕುರ್ಚಿಯಲ್ಲಿ. ಅಕ್ಕ ಗಾಲಿಕುರ್ಚಿಯಲ್ಲಿ, ಕೈಯಲ್ಲಿ ಹೂಗುಚ್ಛ. ಅಕ್ಕನ ಗಾಲಿಕುರ್ಚಿಯ ಪಕ್ಕ ಸಂಚಾಲಕರು, ಹೆಬ್ಬೆರಳು ಮೇಲೆತ್ತಿ. ಅಕ್ಕ ಗಾಲಿಕುರ್ಚಿಯಲ್ಲಿ, ಸುತ್ತ ಯಾರದೋ ಮಕ್ಕಳು. ಇಪ್ಪತ್ತಕ್ಕೂ ಹೆಚ್ಚು. ಮರ ಒಂದೂ ಇಲ್ಲ. ಅಕ್ಕ ತೆಗೆದ ಒಂದೇ ಒಂದು ಫೋಟೋ ಇಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಳ್ಳುತ್ತಾ, "ಆ ಸ್ಥಿತಿಯಲ್ಲೂ ಎಷ್ಟು ನಗ್ತಾ ಇದ್ರು ನೋಡಿ" ಎಂದರು. ಅಕ್ಕ ಒಂದರಲ್ಲೂ ನಗುತ್ತಿರಲಿಲ್ಲ. ಫೋಟೋ ಮುಗಿಯಲಿ ಎಂದು ಹಲ್ಲು ಕಚ್ಚಿಕೊಂಡಿದ್ದರು.

ಎದ್ದು ನಿಂತೆ. "ನಿಲ್ಲಿಸಿ ಅದನ್ನ," ಎಂದೆ. ದನಿ ನನ್ನದೇ ಎಂದು ನನಗೇ ಅನ್ನಿಸಲಿಲ್ಲ. "ಇದ್ಯಾವುದೂ ಅವರಲ್ಲ. ಇಪ್ಪತ್ತು ವರ್ಷ ಈ ಊರಿನ ಮರ ನೋಡಿದೋರು ಅವರು. ನೀವು ಅವರ ಕುರ್ಚಿ ಬಿಟ್ಟು ಇನ್ನೇನೂ ನೋಡ್ಲಿಲ್ಲ. ಅವರ ಒಂದು ಫೋಟೋ ಹಾಕೋಕೆ ಆಗ್ಲಿಲ್ವಾ? ಈ ಸ್ಲೈಡ್‌ಶೋ ಮಾಡಿದ್ದು ಯಾರು?"

ಸಂಚಾಲಕರ ಕಡೆಗೇ ನೋಡಿ ಕೇಳಿದ್ದು. ಅವರು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಿಂದ ಅಂಕಲ್ ಎದ್ದರು.

"ನಾನಮ್ಮ," ಎಂದರು. "ನಾನು ಮಾಡಿದ್ದು."

ದೀಪ ಹಾಕಿದರು. ನಾನು ಕೂರಲೂ ಇಲ್ಲ, ಹೊರಗೆ ಹೋಗಲೂ ಇಲ್ಲ. ಅಂಕಲ್ ನನ್ನ ಹತ್ತಿರ ಬಂದು, ಉಳಿದವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು. "ಅಕಿ ತಗದ ಫೋಟೋ ಮನ್ಯಾಗ ಸಾವಿರಗಟ್ಲೆ ಅವ. ಒಂದ್ರಾಗೂ ಅಕಿ ಇಲ್ಲ. ಕ್ಯಾಮೆರಾ ಯಾವಾಗ್ಲೂ ಅಕಿ ಕೈಯಾಗ ಇರ್ತಿತ್ತಲ್ಲ. ನನಗ ತಗೀಲಿಕ್ಕೆ ಬರೂದಿಲ್ಲ, ತಗದೂ ಇಲ್ಲ. ಅಕಿ ಮುಖ ಇರೂದು ಇವೇ, ಈ ಮಂದಿ ತಗದದ್ದು. ನನಗ ಅಕಿ ಮುಖ ನೋಡಬೇಕಿತ್ತು. ಅದಕ್ಕ ಇವರ ಕಡೆಯಿಂದ ಕೇಳಿ ತೊಗೊಂಡೆ."

ಅಂಕಲ್ ಒಮ್ಮೆಗೆ ಇಷ್ಟು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅವರ ಕೈ ಹಿಡಿದುಕೊಂಡೆ. ಸಂಚಾಲಕರ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ. ಇಷ್ಟು ಜನ ಇಷ್ಟು ಸಲ ಕ್ಯಾಮೆರಾ ಎತ್ತಿದ್ದು ಆಕೆ ಕೂತ ಮೇಲೆಯೇ. ನಿಂತಿದ್ದಾಗ ಒಬ್ಬರೂ ಎತ್ತಲಿಲ್ಲ. ಒಬ್ಬರೂ ಎಂದರೆ ನಾನೂ ಸೇರಿ.

ಪ್ಲೇನೋಗೆ ಬಂದ ಮೇಲೆ ನನ್ನ ಹಳೆಯ ಫೋನುಗಳನ್ನೆಲ್ಲ ಚಾರ್ಜಿಗೆ ಹಾಕಿ ಎರಡು ದಿನ ಹುಡುಕಿದೆ. ನನ್ನ ಮಗಳಿದ್ದಳು, ಹುಟ್ಟುಹಬ್ಬದ ಕೇಕುಗಳಿದ್ದವು, ಮಾರಲು ತೆಗೆದ ಸೋಫಾದ ಫೋಟೋ ಎಂಟಿತ್ತು. ಹನ್ನೆರಡು ವರ್ಷದ ಒಡನಾಟದಲ್ಲಿ ಅಕ್ಕನ ಮುಖ ಒಂದರಲ್ಲೂ ಇರಲಿಲ್ಲ. ಕೊನೆಗೆ ಆಸ್ಟಿನ್ನಿನ ಆ ನಾಲ್ಕು ಸಿಕ್ಕವು. ಸೈಪ್ರೆಸ್ ಮರಗಳು, ಓರೆಯಾಗಿ, ಅರ್ಧಂಬರ್ಧ. ನಾಲ್ಕನೆಯದರ ಮೂಲೆಯಲ್ಲಿ ದಡದ ಕಲ್ಲಿನ ಮೇಲೆ ಒಂದು ಜೊತೆ ಚಪ್ಪಲಿ. ಅವರು ನೀರಿನಲ್ಲಿದ್ದರು, ಚಿತ್ರದಿಂದ ಹೊರಗೆ.

ಅದನ್ನು ಅಂಕಲ್‌ಗೆ ಕಳಿಸಿದೆ. ಇಷ್ಟೇ ಇರೋದು ಅಂಕಲ್ ಎಂದು ಬರೆದೆ. ಅವರು ಮೆಸೇಜಿಗೆ ಉತ್ತರಿಸುವವರಲ್ಲ. ಐದು ನಿಮಿಷಕ್ಕೆ ಫೋನು ಬಂತು.

"ಎಡಗಡೇದು ಹಿಮ್ಮಡಿ ಸವದದ ನೋಡು," ಎಂದರು. "ಭಾಳ ಜೋರ ನಡೀತಿದ್ದಳು."